ಮೂರು ತಿಂಗಳು ಮುಚ್ಚಿಟ್ಟದ್ದು

(ತಾಲ್ಲೂಕಿನ ಮಹಿಳಾ ಸ್ವಸಹಾಯ ಸಂಘಗಳ ಸಮಾವೇಶದಲ್ಲಿ ಮಾಡಿದ ಭಾಷಣದ ಬರಹ ರೂಪ)



ನನಗೆ ‘ಮಹಿಳೆ ಮತ್ತು ಆರೋಗ್ಯ’ ಎಂಬ ವಿಷಯ ಕೊಟ್ಟಿದ್ದಾರೆ. ಮೂವತ್ತು ವರ್ಷ ಕಾಲೇಜಿನಲ್ಲಿ ಪಾಠ ಹೇಳಿದವಳು ನಾನು. ವಿಷಯ ಯಾವುದಾದರೂ ಮುಕ್ಕಾಲು ಗಂಟೆ ಮಾತಾಡುವ ಕೆಟ್ಟ ಅಭ್ಯಾಸ ಇದೆ. ಇವತ್ತು ಹಾಗೆ ಮಾಡುವುದಿಲ್ಲ, ಎರಡು ವರ್ಷದ ಹಿಂದೆ ನನಗೇ ಆದದ್ದನ್ನು ಹೇಳುತ್ತೇನೆ.

ಗಂಡನ ಹೊಡೆತದ ಬಗ್ಗೆ ನಾವು ಈಗ ಬಾಯಿ ಬಿಟ್ಟು ಮಾತಾಡುತ್ತೇವೆ. ಅದನ್ನು ಕಲಿಯುವುದಕ್ಕೆ ನಮಗೆ ಬಹಳ ವರ್ಷ ಹಿಡಿಯಿತು. “ಬಚ್ಚಲಲ್ಲಿ ಜಾರಿದೆ, ಬಾಗಿಲು ತಗುಲಿತು” ಎನ್ನುತ್ತಿದ್ದವರು ಸಂಘಕ್ಕೆ ಬಂದ ಮೇಲೆ ನಿಜ ಹೇಳಿದರು. ಆದರೆ ಹೊಕ್ಕುಳಿನಿಂದ ಕೆಳಗಿನ ಕಾಯಿಲೆಯ ಮಾತು ಬಂದರೆ ಈಗಲೂ ನಾವು ಸೆರಗು ಬಾಯಿಗೆ ಹಿಡಿಯುತ್ತೇವೆ. ಎಂ.ಎ. ಓದಿದವಳೂ ಹಾಗೇ ಮಾಡಿದಳು ಎನ್ನುವುದಕ್ಕೆ ನಾನೇ ಸಾಕ್ಷಿ.

ನನಗೆ ಐವತ್ತಕ್ಕೆ ಮುಟ್ಟು ನಿಂತಿತ್ತು. ಅರವತ್ತನಾಲ್ಕನೆಯ ವಯಸ್ಸಿನಲ್ಲಿ, ದೀಪಾವಳಿ ಕಳೆದ ವಾರ, ಒಂದು ಬೆಳಿಗ್ಗೆ ಬಟ್ಟೆಯಲ್ಲಿ ಕಲೆ ಕಂಡಿತು. ಮೂಲವ್ಯಾಧಿ ಇರಬೇಕು ಅಂದುಕೊಂಡೆ. ಎರಡು ವಾರ ಬಿಟ್ಟು ಮತ್ತೆ ಕಂಡಿತು. ಪರಂಗಿ ಹಣ್ಣು ತಿಂದೆನಲ್ಲ, ಉಷ್ಣ ಆಗಿರಬೇಕು ಅಂದುಕೊಂಡೆ. ಮೂರನೆಯ ಸಲ ಕಂಡಾಗ ಏನೂ ಅಂದುಕೊಳ್ಳಲಿಲ್ಲ. ಕಲೆಯಾದ ಬಟ್ಟೆಯನ್ನು ಕೆಲಸದವಳಿಗೂ ಕಾಣದ ಹಾಗೆ ನಾನೇ ಒಗೆದು ಮಂಚದ ಕೆಳಗೆ ಒಣಹಾಕಿದೆ, ಹದಿನಾಲ್ಕು ವರ್ಷದ ಹುಡುಗಿಯ ಹಾಗೆ. ಸೊಸೆಗೆ ಹೆರಿಗೆ ಹತ್ತಿರವಿತ್ತು, ಮನೆಯಲ್ಲಿ ಗಡಿಬಿಡಿ, ಇದೊಂದು ಮುಗಿಯಲಿ ಎಂದು ಸಂಕ್ರಾಂತಿಯವರೆಗೆ ತಳ್ಳಿದೆ. ಹೆಂಗಸಿನ ಮೈಗೆ ಕಾಯಿಲೆ ಬರುವುದಕ್ಕೆ ಮನೆಯ ಎಲ್ಲರ ಕೆಲಸವೂ ಮುಗಿದಿರಬೇಕು ನೋಡಿ!

ನೀವು ಹಾಗೆ ಮಾಡಬೇಡಿ. ಹನ್ನೆರಡು ತಿಂಗಳು ಮುಟ್ಟು ಕಾಣದಿದ್ದರೆ ಅದು ನಿಂತಿದೆ ಎಂದು ಲೆಕ್ಕ. ಆಮೇಲೆ ಒಂದು ಹನಿ ಕಂಡರೂ ತೋರಿಸಬೇಕು. ಹಾಗೆ ಕಂಡವರಲ್ಲಿ ಸುಮಾರು ಹತ್ತರಲ್ಲಿ ಒಂಬತ್ತು ಜನಕ್ಕೆ ಅದು ಕ್ಯಾನ್ಸರ್ ಆಗಿರುವುದಿಲ್ಲ. ಆದರೆ ಆ ಹತ್ತನೆಯವಳು ಯಾರು ಎಂಬುದು ಮಂಚದ ಕೆಳಗೆ ಬಟ್ಟೆ ಒಣಗಿಸಿದರೆ ಗೊತ್ತಾಗುವುದಿಲ್ಲ. ಗರ್ಭಕೋಶದ ಒಳಪದರದ ಕ್ಯಾನ್ಸರು ಹೀಗೆ ರಕ್ತ ತೋರಿಸಿ ಮುಂಚೆಯೇ ಎಚ್ಚರಿಸುತ್ತದೆ. ಬೇಗ ಹೋದವರು ಬಹುಪಾಲು ಗುಣವಾಗುತ್ತಾರೆ.

ಕೊನೆಗೆ ಡಾಕ್ಟರ ಹತ್ತಿರ ಹೋದೆ. ಸ್ಕ್ಯಾನಿಂಗ್ ಮಾಡಿದರು. ಮುಟ್ಟು ನಿಂತವರಲ್ಲಿ ಗರ್ಭಕೋಶದ ಒಳಪದರ 4 ಮಿಲಿಮೀಟರ್ ಒಳಗಿದ್ದರೆ ಸಾಮಾನ್ಯವಾಗಿ ಚಿಂತೆಯಿಲ್ಲ. ನನ್ನದು 11 ಇತ್ತು. ಸಣ್ಣ ಕೊಳವೆ ಹಾಕಿ ಚೂರು ಪದರ ತೆಗೆದು ಪರೀಕ್ಷೆಗೆ ಕಳಿಸಬೇಕು, ಅದೇ ಬಯಾಪ್ಸಿ ಅಂದರು. ರಕ್ತ ಪರೀಕ್ಷೆಯಲ್ಲಿ ಸಕ್ಕರೆ ಕಾಯಿಲೆಯೂ ಹೊರಬಿತ್ತು. ಡಾಕ್ಟರು ವಿವರಿಸಿದರು: ಅಂಡಾಶಯ ಕೆಲಸ ನಿಲ್ಲಿಸಿದ ಮೇಲೂ ಮೈಯ ಕೊಬ್ಬಿನಲ್ಲಿ ಈಸ್ಟ್ರೋಜನ್ ಎಂಬ ರಸ ತಯಾರಾಗುತ್ತಲೇ ಇರುತ್ತದೆ. ಅದು ಗರ್ಭಕೋಶದ ಪದರವನ್ನು ಬೆಳೆಸುತ್ತದೆ. ಅದಕ್ಕೆ ತಡೆ ಹಾಕುವ ಪ್ರೊಜೆಸ್ಟರಾನ್ ಆಗ ಇರುವುದಿಲ್ಲ. ತೂಕ ಹೆಚ್ಚಿದ್ದರೆ, ಸಕ್ಕರೆ ಕಾಯಿಲೆ ಇದ್ದರೆ ಅಪಾಯ ಹೆಚ್ಚು. ನಡೆಯಿರಿ, ತೂಕ ಇಳಿಸಿ, ಅನ್ನ ಕಡಿಮೆ ಮಾಡಿ.

ಅವರು ಹೇಳಿದ್ದು ಇಷ್ಟೇ. ನನ್ನ ಕಿವಿಗೆ ಬಿದ್ದದ್ದು ಬೇರೆ. “ಇದನ್ನು ನೀನೇ ತಂದುಕೊಂಡೆ” ಎಂದು ಕೇಳಿಸಿತು. ಪೆಟ್ಟು ತಿಂದು ಬಂದ ಹೆಣ್ಣುಮಗಳು ಮೊದಲು ಏನನ್ನುತ್ತಾಳೆ, ನೆನಪು ಮಾಡಿಕೊಳ್ಳಿ. “ನಾನೂ ಎದುರು ಮಾತಾಡಿದೆ ಮೇಡಂ, ಸಾರಿಗೆ ಉಪ್ಪು ಜಾಸ್ತಿಯಾಗಿತ್ತು” ಅನ್ನುತ್ತಾಳೆ. ಎಷ್ಟೋ ಹುಡುಗಿಯರಿಗೆ ನಾನು “ನಿನ್ನ ತಪ್ಪಲ್ಲ ಕಣಮ್ಮ” ಎಂದು ಹೇಳಿದ್ದೇನೆ. ನನಗೆ ನಾನು ಹೇಳಿಕೊಳ್ಳಲಿಲ್ಲ. ಸಪೂರವಾಗಿರುವವರಿಗೂ ಈ ಕಾಯಿಲೆ ಬರುತ್ತದೆ, ದಪ್ಪಗಿರುವ ಎಷ್ಟೋ ಜನಕ್ಕೆ ಬರುವುದೇ ಇಲ್ಲ. ಅದು ಆಗ ಹೊಳೆಯಲಿಲ್ಲ.

ಮಾರನೆಯ ದಿನದಿಂದ ನಡೆಯಲು ಶುರು ಮಾಡಿದೆ. ಬೆಳಿಗ್ಗೆ ಒಂದು ಗಂಟೆ, ಸಂಜೆ ಒಂದು ಗಂಟೆ. ಅನ್ನ ಬಿಟ್ಟೆ, ಕಾಫಿಗೆ ಸಕ್ಕರೆ ಬಿಟ್ಟೆ, ರಾತ್ರಿ ಬರೀ ಮಜ್ಜಿಗೆ. ಮಂಡಿ ಊದಿಕೊಂಡರೂ ನಿಲ್ಲಿಸಲಿಲ್ಲ. ಈಗ ಯೋಚಿಸಿದರೆ ಅದು ಆರೋಗ್ಯದ ಅಭ್ಯಾಸವಾಗಿರಲಿಲ್ಲ, ಹರಕೆಯಾಗಿತ್ತು. ಇಷ್ಟು ನಡೆದರೆ ರಿಪೋರ್ಟು ಚೆನ್ನಾಗಿ ಬರುತ್ತದೆ ಎಂದು ಯಾರ ಜೊತೆಗೋ ವ್ಯಾಪಾರಕ್ಕೆ ಇಳಿದಿದ್ದೆ. ಹನ್ನೆರಡನೆಯ ದಿನ ಆಸ್ಪತ್ರೆಯಿಂದ ಹೇಳಿ ಕಳಿಸಿದರು: ತೆಗೆದ ಚೂರು ಪರೀಕ್ಷೆಗೆ ಸಾಲದು, ಮತ್ತೆ ತೆಗೆಯಬೇಕು, ಈ ಸಲ ಅರಿವಳಿಕೆ ಕೊಟ್ಟು.

ಅಲ್ಲಿಗೆ ಎಲ್ಲಾ ಬಿಟ್ಟೆ. ಯುಗಾದಿ ಹತ್ತಿರವಿತ್ತು. ಒಬ್ಬಟ್ಟು ತಟ್ಟಿದೆ, ಒಲೆಯ ಮುಂದೆ ನಿಂತೇ ಮೂರು ತಿಂದೆ, ಬೇಕೆಂದೇ ತಿಂದೆ. ಎರಡು ವಾರ ಮನೆಯಿಂದ ಹೊರಗೆ ಕಾಲಿಡಲಿಲ್ಲ. ಸಾಯುವವಳಿಗೆ ಪಥ್ಯ ಯಾಕೆ ಎಂಬ ಧೋರಣೆ. ನಿಮ್ಮಲ್ಲಿ ಯಾರಾದರೂ ಶುರು ಮಾಡಿ ಬಿಟ್ಟವರಿದ್ದರೆ ನಾಚಿಕೆಪಡಬೇಡಿ. ಭಯ ಹುಟ್ಟಿಸಿದ ಅಭ್ಯಾಸಕ್ಕೆ ಆಯುಸ್ಸು ಕಡಿಮೆ. ಭಯ ಹೆಚ್ಚಿದರೂ ಅದು ಸಾಯುತ್ತದೆ, ಭಯ ಹೋದರೂ ಸಾಯುತ್ತದೆ.

ನನ್ನನ್ನು ಮತ್ತೆ ಹೊರಗೆ ಕರೆದವಳು ಹೂವಿನವಳು. ನಾನು ನಡೆಯುವ ದಾರಿಯಲ್ಲಿ ಅವಳು ಬುಟ್ಟಿ ಹೊತ್ತು ಮಾರುಕಟ್ಟೆಗೆ ಹೋಗುತ್ತಿದ್ದಳು. ಹೆಸರು ಹೇಳುವುದಿಲ್ಲ, ಅವಳನ್ನು ಕೇಳಿಯೇ ಇದನ್ನು ನಿಮಗೆ ಹೇಳುತ್ತಿದ್ದೇನೆ. ಅವಳೂ ನಿಮ್ಮ ಹಾಗೆ ಒಂದು ಸಂಘದ ಸದಸ್ಯೆ. ಒಂದು ದಿನ ಬಾಗಿಲಿಗೇ ಬಂದು, “ಯಾಕಮ್ಮಾ ಕಾಣ್ಲೇ ಇಲ್ಲ? ಮೈಗೆ ಉಷಾರಿಲ್ವಾ?” ಅಂದಳು. ಮನೆಯವರ ಹತ್ತಿರ ಅರ್ಧ ಹೇಳಿದ್ದನ್ನು ಅವಳ ಹತ್ತಿರ ಪೂರ್ತಿ ಹೇಳಿದೆ. ಅವಳು ಸ್ವಲ್ಪ ಹೊತ್ತು ಸುಮ್ಮನಿದ್ದು, “ನಂದೂ ಅದೇ ಕತೆ ಕಣಮ್ಮಾ” ಅಂದಳು.

ಅವಳಿಗೆ ಮೂವತ್ತನಾಲ್ಕು. ಬಿಳಿಸೆರಗು, ಹೊಟ್ಟೆನೋವು, ತಿಂಗಳಲ್ಲಿ ಹತ್ತು ದಿನ ಮುಟ್ಟು. ಒಂದು ಖಾಸಗಿ ನರ್ಸಿಂಗ್ ಹೋಮಿನಲ್ಲಿ ಹತ್ತೇ ನಿಮಿಷದಲ್ಲಿ “ಗರ್ಭಕೋಶ ಕೆಟ್ಟಿದೆ, ತೆಗೆಸದಿದ್ದರೆ ಕ್ಯಾನ್ಸರ್ ಆಗುತ್ತೆ” ಎಂದು ಹೇಳಿ ನಲವತ್ತು ಸಾವಿರ ಕೇಳಿದ್ದರು. ಗಂಡ ಏನೆಂದ ಗೊತ್ತೆ? “ನಿಮ್ಮಪ್ಪ ಕೊಟ್ಟ ಮಾಲು ಕೆಟ್ಟಿದೆ, ರಿಪೇರಿ ಖರ್ಚು ಅವನೇ ಕೊಡಲಿ, ತಗೊಂಡು ಬಾ.” ಮದುವೆಯಾಗಿ ಹದಿನಾರು ವರ್ಷವಾಗಿತ್ತು. ವರದಕ್ಷಿಣೆ ಮದುವೆಯ ಚಪ್ಪರದಲ್ಲಿ ಮುಗಿಯುತ್ತದೆ ಎಂದು ತಿಳಿದವರು ಈ ಮಾತನ್ನು ಕೇಳಬೇಕು. ಹೆರಿಗೆಗೆ ತವರು, ಬಾಣಂತನಕ್ಕೆ ತವರು, ಆಪರೇಷನ್ನಿಗೂ ತವರು. ದುಡ್ಡು ತರದೆ ಬಂದದ್ದಕ್ಕೆ ಪೆಟ್ಟೂ ಬಿದ್ದಿತ್ತು.

ಒಂದು ವಿಷಯ ಹೇಳಿ ಮುಂದೆ ಹೋಗುತ್ತೇನೆ. ಬೇಕಿಲ್ಲದೆ ಗರ್ಭಕೋಶ ತೆಗೆಯುವುದು ಒಬ್ಬಿಬ್ಬರ ಕತೆಯಲ್ಲ. ನಮ್ಮದೇ ಕಲಬುರಗಿ ಜಿಲ್ಲೆಯ ತಾಂಡಾಗಳ ಎಷ್ಟೋ ಬಡ ಹೆಂಗಸರಿಗೆ ಹೀಗಾಗಿದೆ ಎಂದು 2015ರ ಹೊತ್ತಿಗೆ ದೊಡ್ಡ ಕೂಗೆದ್ದು, ಹೆಂಗಸರು ಬೀದಿಗಿಳಿದರು. 2023ರ ಏಪ್ರಿಲ್‌ನಲ್ಲಿ ಸುಪ್ರೀಂ ಕೋರ್ಟು ಇದನ್ನು ತಡೆಯಲು ಕೇಂದ್ರ ಸರ್ಕಾರ ಮಾಡಿರುವ ಮಾರ್ಗಸೂಚಿಯನ್ನು ಎಲ್ಲಾ ರಾಜ್ಯಗಳೂ ಮೂರು ತಿಂಗಳೊಳಗೆ ಜಾರಿಗೆ ತರಬೇಕೆಂದು ಹೇಳಿತು. ಗರ್ಭಕೋಶ ತೆಗೆಯಲೇಬೇಕಾದ ಕಾಯಿಲೆಗಳೂ ಇವೆ, ಅದನ್ನು ಮರೆಯಬೇಡಿ. ಆದರೆ ಪರೀಕ್ಷೆಯ ರಿಪೋರ್ಟು ಏನೆನ್ನುತ್ತದೆ, ಮಾತ್ರೆಯಲ್ಲಿ ವಾಸಿಯಾಗುವುದಿಲ್ಲವೇ, ಒಂದು ತಿಂಗಳು ತಡೆದರೆ ಏನಾಗುತ್ತದೆ ಎಂದು ಕೇಳಿ. ಇನ್ನೊಬ್ಬ ಡಾಕ್ಟರಿಗೂ ತೋರಿಸಿ. ಕೇಳಿದ್ದಕ್ಕೆ ರೇಗುವ ಡಾಕ್ಟರಾದರೆ ಅಲ್ಲಿಂದ ಎದ್ದು ಬನ್ನಿ.

ನಾವಿಬ್ಬರೂ ಜೊತೆಯಾಗಿ ಜಿಲ್ಲಾ ಸರ್ಕಾರಿ ಆಸ್ಪತ್ರೆಗೆ ಹೋದೆವು. 2023ರ ಜೂನ್‌ನಿಂದ ಸರ್ಕಾರಿ ಬಸ್ಸಿನಲ್ಲಿ ನಮಗೆ ಟಿಕೆಟ್ಟಿನ ಕಾಸು ಬೇಕಿಲ್ಲವಲ್ಲ. ಗಂಡನ ಮುಂದೆ ಕೈಚಾಚದೆ ಆಸ್ಪತ್ರೆಗೆ ಹೋಗಿ ಬರುವುದು ಎಷ್ಟು ದೊಡ್ಡದು ಎಂದು ಆ ದಿನ ಅವಳ ಮುಖ ನೋಡಿ ತಿಳಿಯಿತು. ಗರ್ಭಕೋಶದ ಬಾಯಿಗೆ ವಿನಿಗರ್ ಹಚ್ಚಿ ನೋಡುವ ಪರೀಕ್ಷೆ ಮಾಡಿದರು. ನಿಮಿಷಗಳಲ್ಲಿ ಮುಗಿಯುತ್ತದೆ. 30ರಿಂದ 65 ವಯಸ್ಸಿನ ಪ್ರತಿ ಹೆಂಗಸಿಗೂ ಐದು ವರ್ಷಕ್ಕೊಮ್ಮೆ ಈ ಪರೀಕ್ಷೆ ಆಗಬೇಕೆಂಬುದು ಸರ್ಕಾರದ ಕಾರ್ಯಕ್ರಮ. ಅವಳಿಗೆ ಕ್ಯಾನ್ಸರಿನ ಲಕ್ಷಣವಿರಲಿಲ್ಲ. ಸೋಂಕಿತ್ತು, ಹಿಮೋಗ್ಲೋಬಿನ್ 7 ಇತ್ತು. ಅಷ್ಟು ಕಡಿಮೆ ರಕ್ತದಲ್ಲಿ ದಿನಾ ಬುಟ್ಟಿ ಹೊತ್ತು ನಡೆಯುತ್ತಿದ್ದಳು! ಸೋಂಕಿಗೆ ಔಷಧಿ, ರಕ್ತಕ್ಕೆ ಕಬ್ಬಿಣದ ಮಾತ್ರೆ, ಮುಟ್ಟಿಗೆ ಬೇರೆ ಮಾತ್ರೆ ಕೊಟ್ಟರು. ಗರ್ಭಕೋಶ ಉಳಿಯಿತು, ನಲವತ್ತು ಸಾವಿರವೂ ಉಳಿಯಿತು.

ಮತ್ತೆ ನಡೆಯಲು ಶುರು ಮಾಡಿದ್ದು ಅವಳ ಜೊತೆ. ಈ ಸಲ ಹರಕೆ ಇಲ್ಲ. ಮಾರುಕಟ್ಟೆಯವರೆಗೆ ಅರ್ಧ ಗಂಟೆ, ವಾರಕ್ಕೆ ಐದು ದಿನ. ಡಾಕ್ಟರು ಹೇಳುವುದೂ ವಾರಕ್ಕೆ 150 ನಿಮಿಷವೇ. ನಾನು ಹೋಗದಿದ್ದರೆ ಅವಳು ತಿರುವಿನಲ್ಲಿ ಕಾಯುತ್ತಾಳೆ ಎಂಬುದೊಂದೇ ನನ್ನನ್ನು ಏಳಿಸುತ್ತಿತ್ತು. ನನ್ನ ಸಂಕಲ್ಪ ಶಕ್ತಿ ಗಟ್ಟಿಯೇನಲ್ಲ. ಆದರೆ ಇನ್ನೊಬ್ಬಳನ್ನು ರಸ್ತೆಯಲ್ಲಿ ಕಾಯಿಸುವುದಕ್ಕೆ ನನಗೆ ಮನಸ್ಸು ಬರುವುದಿಲ್ಲ.

ಎರಡನೆಯ ಬಯಾಪ್ಸಿಯ ರಿಪೋರ್ಟು ಬಂತು. ಪದರ ದಪ್ಪಗಾಗಿದೆ, ಕ್ಯಾನ್ಸರ್ ಅಲ್ಲ, ಜೀವಕೋಶಗಳು ಕೆಟ್ಟ ರೂಪ ತಾಳಿಲ್ಲ ಎಂದಿತ್ತು. ಹಾಗೆಂದು ಬಿಟ್ಟುಬಿಡುವಂತಿಲ್ಲ. ಆರು ತಿಂಗಳು ಪ್ರೊಜೆಸ್ಟರಾನ್ ಮಾತ್ರೆ, ಆಮೇಲೆ ಮತ್ತೆ ಪರೀಕ್ಷೆ. ಅದೂ ಆಯಿತು, ಪದರ ಸರಿಹೋಗಿದೆ. ಆ ದಿನ ಬಂದ ಯೋಚನೆ ಹೇಳಿಬಿಡುತ್ತೇನೆ: ಸದ್ಯ, ಇನ್ನು ನಡೆಯಬೇಕಾಗಿಲ್ಲ! ಮಾರನೆಯ ದಿನ ಆರು ಗಂಟೆಗೆ ಹೂವಿನವಳು ಬಾಗಿಲು ಬಡಿದಳು.

ಇನ್ನು ಊಟದ ವಿಷಯ. ನಮ್ಮ ಯಜಮಾನರಿಗೆ ಹನ್ನೆರಡು ವರ್ಷದಿಂದ ಸಕ್ಕರೆ ಕಾಯಿಲೆ. ಅವರಿಗೆ ಸೊಪ್ಪು, ಕಾಳು, ಹೊತ್ತು ಹೊತ್ತಿಗೆ ಊಟ, ಎಲ್ಲವನ್ನೂ ನಾನೇ ನೋಡಿಕೊಳ್ಳುತ್ತಿದ್ದೆ. ಪಥ್ಯವೆಂಬುದು ನಮ್ಮ ಮನೆಯಲ್ಲೇ ಇತ್ತು, ನನ್ನ ತಟ್ಟೆಗೆ ಬಂದಿರಲಿಲ್ಲ. ನಾನು ಕೊನೆಗೆ ಕುಳಿತು, ಮಿಕ್ಕಿದ ಅನ್ನಕ್ಕೆ ತಳದ ಸಾರು ಕಲಸಿ, ಎಸೆಯಬಾರದೆಂದು ಮೂರು ಗಂಟೆಗೆ ತಿನ್ನುತ್ತಿದ್ದೆ. ಈಗ ಅವರ ಜೊತೆಗೇ ಕೂರುತ್ತೇನೆ. ಮೊದಲ ದಿನ ಅವರು, “ಬಿಸಿ ಸಾರು ಯಾರು ಬಡಿಸ್ತಾರೆ?” ಅಂದರು. “ಸೌಟು ಅಲ್ಲೇ ಇದೆ” ಅಂದೆ. ಬಯಾಪ್ಸಿಗಿಂತ ಇದಕ್ಕೆ ಹೆಚ್ಚು ಧೈರ್ಯ ಬೇಕಾಯಿತು. ಅವರು ಕೆಟ್ಟವರಲ್ಲ. ಯಾರೂ ಹೇಳಿರಲಿಲ್ಲ, ಅಷ್ಟೇ. ಇನ್ನೊಂದು ಮಾತು, ರಾಗಿ ತಿಂದರೆ ಸಕ್ಕರೆ ಏರುವುದೇ ಇಲ್ಲ ಎನ್ನುತ್ತಾರಲ್ಲ, ಪೂರ್ತಿ ನಿಜವಲ್ಲ. ಮುದ್ದೆ ಒಂದೋ ಎರಡೋ ಎಂಬುದೂ ಲೆಕ್ಕಕ್ಕೆ ಬರುತ್ತದೆ. ಒಂದು ಮುದ್ದೆ, ಜಾಸ್ತಿ ಸೊಪ್ಪು, ಜಾಸ್ತಿ ಹುರುಳಿಕಾಳು. ವರ್ಷದಲ್ಲಿ ನಾಲ್ಕು ಕೆ.ಜಿ. ಇಳಿದಿದ್ದೇನೆ, ದೊಡ್ಡ ಸಾಧನೆಯೇನಲ್ಲ.

“ಹೊಲದಲ್ಲಿ ದಿನವೆಲ್ಲ ಬಗ್ಗಿ ದುಡಿಯೋ ನಮಗೆ ನಿಮ್ಮ ವಾಕಿಂಗ್ ಯಾಕೆ ಮೇಡಂ?” ಎಂದು ಹಿಂದಿನ ಸಲ ಒಬ್ಬ ತಾಯಿ ಕೇಳಿದ್ದರು. ಸರಿಯಾದ ಪ್ರಶ್ನೆ. ಅವರಿಗೆ ಬೇಕಾದ ಅಭ್ಯಾಸ ಬೇರೆ. ಮಧ್ಯಾಹ್ನ ಅರ್ಧ ಗಂಟೆ ಬೆನ್ನು ಚಾಚುವುದು. ಗಂಡಸರ ಜೊತೆಗೇ ಉಣ್ಣುವುದು. ಶೌಚಕ್ಕೆ ಜಾಗವಿಲ್ಲವೆಂದು ನೀರು ಕುಡಿಯದೆ ಇರುವುದನ್ನು ಬಿಡುವುದು, ಮುಟ್ಟಿನ ಬಟ್ಟೆಯನ್ನು ಕತ್ತಲೆ ಮೂಲೆಯಲ್ಲಲ್ಲ, ಬಿಸಿಲಲ್ಲಿ ಒಣಗಿಸುವುದು. ಇವಕ್ಕೂ ಮನೆಯಲ್ಲಿ ಜಗಳವಾಗುತ್ತದೆ. ಅತ್ತೆ ಗೊಣಗುತ್ತಾರೆ. ಒಬ್ಬಳೇ ಮಾಡಿದರೆ ನಾಲ್ಕು ದಿನಕ್ಕೆ ನಿಲ್ಲುತ್ತದೆ, ಬೀದಿಯ ಹತ್ತು ಮನೆಯಲ್ಲಿ ಒಟ್ಟಿಗೆ ಶುರುವಾದರೆ ಗೊಣಗುವವರೂ ಸುಸ್ತಾಗುತ್ತಾರೆ.

ಹೂವಿನವಳ ಸಂಘದಲ್ಲಿ ಈಗ ವಾರದ ಉಳಿತಾಯದ ಜೊತೆ ಹತ್ತು ರೂಪಾಯಿ ಆಸ್ಪತ್ರೆ ನಿಧಿಗೆ ಎತ್ತಿಡುತ್ತಾರೆ. ಅದರ ಸಾಲಕ್ಕೆ ಬಡ್ಡಿಯಿಲ್ಲ. ಯಾರೇ ಪರೀಕ್ಷೆಗೆ ಹೋದರೂ ಜೊತೆಗೊಬ್ಬಳು ಹೋಗಬೇಕೆಂದು ನಡಾವಳಿ ಪುಸ್ತಕದಲ್ಲಿ ಬರೆದು ಸಹಿ ಹಾಕಿದ್ದಾರೆ. ಅವಳ ಗಂಡನನ್ನು ಸಾಂತ್ವನ ಕೇಂದ್ರಕ್ಕೆ ಕರೆಸಿದ್ದರು. ಹೆಂಡತಿಯ ಆರೋಗ್ಯಕ್ಕೆ ಅಪಾಯ ತರುವುದೂ, ತವರಿನಿಂದ ದುಡ್ಡು ತಾ ಎಂದು ಪೀಡಿಸುವುದೂ 2005ರ ಕೌಟುಂಬಿಕ ದೌರ್ಜನ್ಯ ಕಾಯ್ದೆಯಲ್ಲಿ ದೌರ್ಜನ್ಯವೇ ಎಂದು ಅಲ್ಲಿ ತಿಳಿಸಿ ಹೇಳಿದರು. ಹೊಡೆಯುವುದು ನಿಂತಿದೆ. ದುಡ್ಡಿನ ಮಾತು ಇನ್ನೂ ಪೂರ್ತಿ ನಿಂತಿಲ್ಲ. ಅವಳಾಗಲೀ ಸಂಘವಾಗಲೀ ಅದನ್ನು ಬಿಟ್ಟಿಲ್ಲ.

ಮುಂದಿನ ತಿಂಗಳು ನನಗೆ ಮತ್ತೆ ಸ್ಕ್ಯಾನಿಂಗ್ ಇದೆ. ಹೆದರಿಕೆ ಇಲ್ಲವೆಂದರೆ ಸುಳ್ಳಾಗುತ್ತದೆ. ಆ ದಿನ ವ್ಯಾಪಾರ ಬಿಟ್ಟು ಜೊತೆಗೆ ಬರುತ್ತೇನೆಂದು ಹೂವಿನವಳು ಹೇಳಿದ್ದಾಳೆ. ಈಗ ನಿಮ್ಮ ಮಾತು. ಎಲ್ಲರೆದುರು ಕೇಳಲು ಸಂಕೋಚವಾದರೆ ಚೀಟಿಯಲ್ಲಿ ಬರೆದು ಕಳಿಸಿ, ಹೆಸರು ಬೇಡ. ಆಶಾ ಕಾರ್ಯಕರ್ತೆಯರು ಬಾಗಿಲ ಹತ್ತಿರ ಪುಸ್ತಕ ಇಟ್ಟುಕೊಂಡು ಕುಳಿತಿದ್ದಾರೆ, ಪರೀಕ್ಷೆಗೆ ಹೆಸರು ಬರೆಸುವವರು ಇಬ್ಬಿಬ್ಬರಾಗಿ ಹೋಗಿ ಬರೆಸಿ.