ಲೆಕ್ಕದ ಮನೆಯ ಸ್ಥಳಾಂತರ
(ಸಂಘದ ವಾರ್ಷಿಕೋತ್ಸವ ಸಭೆಯಲ್ಲಿ ಮಾಡಿದ ಭಾಷಣ)



ಸಾಹಿತ್ಯ ಸಂಗೀತಗಳ ಈ ಸಂಭ್ರಮದ ನಡುವೆ ಕಿರ್ದಿ-ಖತಾವಣಿಗಳ ಮಾತನ್ನೆತ್ತಿಕೊಂಡು ನಿಂತಿರುವುದಕ್ಕಾಗಿ ತಮ್ಮೆಲ್ಲರ ಕ್ಷಮೆಯನ್ನು ಬೇಡುತ್ತೇವೆ. ಸೊಲ್ಲಾಪುರ, ಅಕ್ಕಲಕೋಟ, ಜತ್ತಗಳ ನಮ್ಮ ಎಷ್ಟೋ ಮನೆಗಳ ಮಕ್ಕಳು ಇಂದು ಪುಣೆ, ಬೆಂಗಳೂರುಗಳಲ್ಲಿ ಗಣಕಯಂತ್ರದ ಉದ್ಯೋಗದಲ್ಲಿದ್ದಾರೆ. ಹಬ್ಬಕ್ಕೆ ಊರಿಗೆ ಬಂದಾಗ, "ಕಂಪನಿಯ ಲೆಕ್ಕವನ್ನೆಲ್ಲ ಕ್ಲೌಡಿಗೆ ಸಾಗಿಸುವ ಕೆಲಸದಲ್ಲಿದ್ದೇವೆ" ಎಂದು ಅವರು ಹೇಳಿದರೆ, ಮನೆಯ ಹಿರಿಯರು ಆಕಾಶವನ್ನು ನೋಡಿ ಮಳೆಯ ಮಾತನ್ನಾಡುತ್ತಾರೆ. ಅಷ್ಟೇ ಆಗಿದ್ದರೆ ನಕ್ಕು ಸುಮ್ಮನಾಗಬಹುದಾಗಿತ್ತು. ಆದರೆ 2022ರ ಜೂನ್ ತಿಂಗಳಲ್ಲಿ ಕೇಂದ್ರ ಸಚಿವ ಸಂಪುಟವು ದೇಶದ 63,000 ಪ್ರಾಥಮಿಕ ಕೃಷಿ ಪತ್ತಿನ ಸಂಘಗಳ ಲೆಕ್ಕವನ್ನು ಕ್ಲೌಡಿನಲ್ಲಿರುವ ಒಂದೇ ಸಮಾನ ತಂತ್ರಾಂಶಕ್ಕೆ ತರುವ ಯೋಜನೆಗೆ ಒಪ್ಪಿಗೆಯಿತ್ತು, 2,516 ಕೋಟಿ ರೂಪಾಯಿಗಳನ್ನು ಗೊತ್ತುಪಡಿಸಿತು. ಬೀಜ ಗೊಬ್ಬರಗಳಿಗೆ ನಾವು ಸಾಲ ಪಡೆಯುವ ಊರ ಸೊಸೈಟಿಯಂತಹ ಸಂಘಗಳೇ ಇವು. ಆದುದರಿಂದ ಇದು ಮಕ್ಕಳ ಉದ್ಯೋಗದ ಮಾತಷ್ಟೇ ಅಲ್ಲ, ನಮ್ಮ ಹೊಲದ ಮಾತೂ ಹೌದು.

ಕ್ಲೌಡು ಆಕಾಶದಲ್ಲಿಲ್ಲ. ಅದು ಮುಂಬಯಿ, ಹೈದರಾಬಾದುಗಳಂತಹ ನಗರಗಳಲ್ಲಿ ಕಟ್ಟಿರುವ ದೊಡ್ಡ ಕಟ್ಟಡಗಳಲ್ಲಿದೆ. ಅಲ್ಲಿ ಸಾಲುಸಾಲಾಗಿ ಗಣಕಯಂತ್ರಗಳು, ಅವುಗಳನ್ನು ತಂಪಾಗಿಡುವ ಏರ್ಪಾಡು, ಹಗಲಿರುಳು ಕಾವಲು. ಹಿಂದೆ ಹಿಟ್ಟಿನ ಗಿರಣಿಯವನು ತನ್ನದೇ ಎಂಜಿನನ್ನು ಇಟ್ಟುಕೊಂಡು ತಾನೇ ಅದಕ್ಕೆ ಎಣ್ಣೆ ಹೊಯ್ಯುತ್ತಿದ್ದನು. ತಂತಿಯ ಮೇಲೆ ವಿದ್ಯುತ್ತು ಬಂದ ಮೇಲೆ ಮೀಟರಿನಂತೆ ಹಣ ಕೊಟ್ಟು ಗಿರಣಿ ನಡೆಸಿದನು. ಅದೇ ರೀತಿಯಲ್ಲಿ ಸಂಸ್ಥೆಗಳು ಈಗ ಸ್ವಂತ ಯಂತ್ರವನ್ನು ಬಿಟ್ಟು ಬಾಡಿಗೆಯ ಯಂತ್ರಬಲವನ್ನು ಕೊಳ್ಳುತ್ತಿವೆ. ಅನುಕೂಲವು ನಿಜ. ಬಳಸದೆ ಇರುವಾಗ ಯಂತ್ರವನ್ನು ನಿಲ್ಲಿಸಲು ಮರೆತರೆ ಮೀಟರು ಓಡುತ್ತಲೇ ಇರುವುದೆಂಬುದೂ ನಿಜ. ಅದನ್ನು ತಿಂಗಳ ಕೊನೆಯ ಬಿಲ್ಲು ತಾನಾಗಿಯೇ ಕಲಿಸುತ್ತದೆ. ಸಾಗಿಸುವ ಕೆಲಸದಲ್ಲಿ ಆಗುವ ತಪ್ಪು ಹಾಗಲ್ಲ; ಅದನ್ನು ತಿದ್ದುವುದು ಬಹು ಕಷ್ಟ.

ಇಂಗ್ಲೆಂಡಿನ ಟಿ.ಎಸ್.ಬಿ. ಬ್ಯಾಂಕಿನ ಕಥೆಯನ್ನು ಕೇಳಬೇಕು. ಆ ಬ್ಯಾಂಕು ಲಾಯ್ಡ್ಸ್ ಬ್ಯಾಂಕಿನಿಂದ ಬೇರ್ಪಟ್ಟಿದ್ದರೂ ಅದರ ಲೆಕ್ಕವು ಲಾಯ್ಡ್ಸಿನ ಯಂತ್ರಗಳಲ್ಲಿಯೇ ಬಾಡಿಗೆಗೆ ನಡೆಯುತ್ತಿತ್ತು. 2015ರಲ್ಲಿ ಸ್ಪೇನಿನ ಸಬಾಡೆಲ್ ಬ್ಯಾಂಕು ಅದನ್ನು ಕೊಂಡ ಮೇಲೆ, ಲೆಕ್ಕವನ್ನು ಹೊಸ ವ್ಯವಸ್ಥೆಗೆ ಸಾಗಿಸುವ ನಿರ್ಧಾರವಾಯಿತು. ಇದು ಕ್ಲೌಡಿಗೆ ಹೋದ ಕಥೆಯಲ್ಲ, ಮಾತೃಸಂಸ್ಥೆಯ ಏರ್ಪಾಡಿಗೆ ಹೋದದ್ದು. ಆದರೆ ಸಾಗಣೆಯ ಕಷ್ಟವು ಎರಡರಲ್ಲಿಯೂ ಒಂದೇ ಬಗೆಯದು. 52 ಲಕ್ಷ ಗ್ರಾಹಕರ ಆ ಬ್ಯಾಂಕು 2018ರ ಏಪ್ರಿಲ್ ತಿಂಗಳ ಒಂದು ವಾರಾಂತ್ಯದಲ್ಲಿ ಒಂದೇ ನೆಗೆತಕ್ಕೆ ದಾಟಲು ಹೊರಟಿತು. ಸೋಜಿಗವೆಂದರೆ ಲೆಕ್ಕದ ಅಂಕಿಗಳು ಸರಿಯಾಗಿಯೇ ಹೊಸ ಮನೆಯನ್ನು ಸೇರಿದವು. ಹೊಸ ಮನೆಯೇ ಭಾರವನ್ನು ತಾಳಲಿಲ್ಲ. ಸುಮಾರು 19 ಲಕ್ಷ ಗ್ರಾಹಕರಿಗೆ ತಮ್ಮ ಖಾತೆಯ ಬಾಗಿಲು ತೆರೆಯದೆ ಹೋಯಿತು. ಹೊಸ ವ್ಯವಸ್ಥೆಗೆ ಎರಡು ಯಂತ್ರಕೇಂದ್ರಗಳಿದ್ದವು. ಭಾರವನ್ನು ಹೊರುವ ಪರೀಕ್ಷೆ ನಡೆದದ್ದು ಒಂದರಲ್ಲಿ ಮಾತ್ರವೆಂದು ಆಮೇಲಿನ ವಿಚಾರಣೆಯಲ್ಲಿ ತಿಳಿದುಬಂದಿತು. ಎರಡು ಎತ್ತುಗಳಲ್ಲಿ ಒಂದನ್ನೇ ನೋಡಿ ಜೋಡಿಯ ಬೆಲೆ ಕಟ್ಟಿದಂತಾಯಿತು! ವ್ಯವಹಾರವು ಪೂರ್ತಿ ಸರಿಹೋಗಲು ಆ ವರ್ಷದ ಡಿಸೆಂಬರು ಬಂದಿತು. ಒಂದು ವರ್ಷದೊಳಗೆ 2,25,492 ದೂರುಗಳು ಬಂದವು. 2022ರ ಡಿಸೆಂಬರಿನಲ್ಲಿ ನಿಯಂತ್ರಕರು 4 ಕೋಟಿ 86 ಲಕ್ಷ 50 ಸಾವಿರ ಪೌಂಡುಗಳ ದಂಡವನ್ನು ವಿಧಿಸಿದರು.

ಇದಕ್ಕೆ ಎದುರಾಗಿ ಅಮೆರಿಕೆಯ ನೆಟ್‌ಫ್ಲಿಕ್ಸ್ ಕಂಪನಿಯನ್ನು ನೋಡಿರಿ. 2008ರ ಆಗಸ್ಟಿನಲ್ಲಿ ಅದರ ದತ್ತಾಂಶ ಕೆಟ್ಟುಹೋಗಿ ಮೂರು ದಿನ ಗ್ರಾಹಕರಿಗೆ ಡಿ.ವಿ.ಡಿ.ಗಳನ್ನು ಕಳುಹಿಸಲಾಗಲಿಲ್ಲ. ಆಗ ಅವರು ಅಮೆಜಾನ್ ಕಂಪನಿಯ ಕ್ಲೌಡಿಗೆ ಹೋಗಲು ನಿಶ್ಚಯಿಸಿದರು. ಆ ಕೆಲಸ ಮುಗಿದದ್ದು 2016ರ ಜನವರಿಯಲ್ಲಿ! ಏಳು ವರ್ಷವೇಕೆ? ಇದ್ದುದನ್ನು ಇದ್ದ ಹಾಗೆಯೇ ಎತ್ತಿ ಅಲ್ಲಿಟ್ಟರೆ ಹಳೆಯ ದೋಷಗಳೂ ಜೊತೆಯಲ್ಲಿಯೇ ಬರುವುವೆಂದು ಅವರು ಕಂಡುಕೊಂಡರು. ಒಂದು ತೊಲೆ ಮುರಿದರೆ ಮನೆಯೆಲ್ಲ ಕುಸಿಯುವಂತಿದ್ದ ಕಟ್ಟೋಣವನ್ನು ಬಿಡಿಸಿ, ನೂರಾರು ಚಿಕ್ಕ ಚಿಕ್ಕ ಭಾಗಗಳಾಗಿ ಪುನಃ ಕಟ್ಟಿದರು. ಸುಲಭವಾದವುಗಳನ್ನು ಮೊದಲು ಸಾಗಿಸಿ, ಹಣವನ್ನು ಮುಟ್ಟುವ ಲೆಕ್ಕವನ್ನು ಬಹುತೇಕ ಕೊನೆಗೆ ಸಾಗಿಸಿದರು. ಅಷ್ಟಕ್ಕೇ ನಿಲ್ಲದೆ, ನಡೆಯುತ್ತಿರುವ ಯಂತ್ರಗಳನ್ನೇ ತಾನಾಗಿ ಅಲ್ಲೊಂದು ಇಲ್ಲೊಂದು ನಿಲ್ಲಿಸಿಬಿಡುವ ತಂತ್ರಾಂಶವೊಂದನ್ನು ರಚಿಸಿ ಅದಕ್ಕೆ 'ಕೇಯಾಸ್ ಮಂಕಿ' ಎಂದು ಹೆಸರಿಟ್ಟರು. ತೋಟಕ್ಕೆ ಕೋತಿ ಬಂದೇ ಬರುವುದಾದರೆ, ನಾವು ಎಚ್ಚರವಿರುವ ಹಗಲಿನಲ್ಲಿಯೇ ಬರಲೆಂಬ ಯೋಚನೆ ಅದು.

ಇನ್ನೊಂದು ಭ್ರಮೆಯಿದೆ: ಕ್ಲೌಡಿಗೆ ಹೋದದ್ದು ಕಳೆಯುವುದಿಲ್ಲವೆಂಬುದು. 2021ರ ಮಾರ್ಚ್ 10ರಂದು ಫ್ರಾನ್ಸಿನ ಸ್ಟ್ರಾಸ್‌ಬರ್ಗಿನಲ್ಲಿ ಓ.ವಿ.ಎಚ್. ಕಂಪನಿಯ ಯಂತ್ರಭವನವೊಂದು ಸುಟ್ಟು ಬೂದಿಯಾಯಿತು. ಬೇರೆಡೆಯಲ್ಲಿ ಪ್ರತಿಯಿಟ್ಟವರು ಉಳಿದರು. ಮೂಲವನ್ನೂ ಪ್ರತಿಯನ್ನೂ ಅಲ್ಲಿಯೇ ಇಟ್ಟವರು ಎರಡನ್ನೂ ಕಳೆದುಕೊಂಡರು.

ಈಗ ನಮ್ಮ ಮನೆಯ ಮಾತಿಗೆ ಬರೋಣ. ಹಳೆಯ ಸದಸ್ಯನೊಬ್ಬನು 'ಮಲ್ಲಪ್ಪ' ಎಂದು ಕನ್ನಡದಲ್ಲಿ ರುಜು ಮಾಡಿರುತ್ತಾನೆ. ಸೊಸೈಟಿಯ ಮರಾಠಿ ಖತಾವಣಿಯಲ್ಲಿ ಅವನು 'ಮಲ್ಲಾಪ್ಪಾ' ಆಗಿರುತ್ತಾನೆ. ಇಂಗ್ಲಿಷಿನ ಆಧಾರ ಪತ್ರದಲ್ಲಿ ಒಂದು ಲಕಾರ ಬಿದ್ದುಹೋಗಿರುತ್ತದೆ; ಸಾತಬಾರಾ ಉತಾರೆಯಲ್ಲಿ ಅಡ್ಡಹೆಸರೇ ಬೇರೆಯಾಗಿರುತ್ತದೆ. ಊರ ಕಾರ್ಯದರ್ಶಿಗೆ ಇವರೆಲ್ಲರೂ ಒಬ್ಬನೇ ಎಂಬುದು ಮುಖ ನೋಡಿದೊಡನೆ ಗೊತ್ತು. ಯಂತ್ರಕ್ಕೆ ಮುಖ ತಿಳಿಯದು. ಅದಕ್ಕೆ ಇವರು ನಾಲ್ವರು, ಇಲ್ಲವೆ ಯಾರೂ ಅಲ್ಲ. ಭಾಷೆಗಳ ಸಂಧಿಯಲ್ಲಿ ಬದುಕುವ ನಮ್ಮಂಥವರಿಗೆ ಈ ಅಪಾಯವು ಹೆಚ್ಚು.

ನಾವು ಕಂಡ ಒಂದು ಪ್ರಸಂಗವನ್ನು ಹೇಳುತ್ತೇವೆ. ಸಂಸ್ಥೆಯ ಹೆಸರು ಬೇಡ. ಪುಸ್ತಕದ ಲೆಕ್ಕವನ್ನು ಯಂತ್ರಕ್ಕೆ ಏರಿಸಿದಾಗ ವಿಧವೆಯಾದ ವೃದ್ಧೆಯೊಬ್ಬರ ಶೇರು ಹಣ ಕಾಣದಾಯಿತು. "ಕಂಪ್ಯೂಟರಿನಲ್ಲಿ ನಿಮ್ಮ ಹೆಸರಿಲ್ಲ, ಅಜ್ಜೀ" ಎಂಬುದೊಂದೇ ಉತ್ತರ. ಆಕೆ ಮೂರು ಸಲ ಬಂದು ಮೂರು ಸಲ ಹಿಂದಿರುಗಿದರು. ನಾಲ್ಕನೆಯ ಸಲ ನಾವೂ ಜೊತೆಯಲ್ಲಿ ಹೋಗಿ ಹಳೆಯ ಖತಾವಣಿಯನ್ನು ತೋರಿಸಿರೆಂದು ಕೇಳಿದೆವು. ರದ್ದಿಗೆ ಹಾಕಲು ಕಟ್ಟಿಟ್ಟಿದ್ದ ಗಂಟಿನಲ್ಲಿ ಅದು ಇನ್ನೂ ಇತ್ತು. ಅದರಲ್ಲಿ ಆಕೆಯ ಹೆಸರೂ ಇತ್ತು, ಗಂಡನ ಹೆಸರಿನ ಮುಂದೆ 'ಪತ್ನಿ' ಎಂಬ ಒಂದೇ ಮಾತಾಗಿ. ರದ್ದಿಯವನು ಒಂದು ವಾರ ಮೊದಲು ಬಂದಿದ್ದರೆ ಏನಾಗುತ್ತಿತ್ತು?

ಆದಕಾರಣ ತಮ್ಮ ತಮ್ಮ ಸಂಸ್ಥೆಗಳಲ್ಲಿ ಸಂಚಾಲಕರಾಗಿರುವ ಮಹನೀಯರಲ್ಲಿ ನಮ್ಮ ವಿನಂತಿ. ಸಾಗಣೆಗೆ ಮೊದಲು ಹೆಸರುಗಳನ್ನು ತಾಳೆ ನೋಡಿಸಿರಿ. ಸದಸ್ಯರೆಷ್ಟು, ಶೇರು ಬಂಡವಾಳವೆಷ್ಟು, ಬಾಕಿಯೆಷ್ಟು ಎಂಬ ಮೊತ್ತಗಳು ಹಳೆಯದರಲ್ಲಿಯೂ ಹೊಸದರಲ್ಲಿಯೂ ಪೈಸೆಗೆ ಪೈಸೆ ಕೂಡಬೇಕು. ಕೆಲವು ತಿಂಗಳಾದರೂ ಎರಡೂ ಲೆಕ್ಕಗಳು ಜೊತೆಜೊತೆಯಾಗಿ ನಡೆಯಲಿ. ಗುಮಾಸ್ತರು ಗೊಣಗಿದರೆ ಚಹಾ ಕುಡಿಸಿ ಸಮಾಧಾನ ಮಾಡಿರಿ. ಕೆಟ್ಟರೆ ಯಾವ ಗಳಿಗೆಯಲ್ಲಿ ಹಿಂದಿರುಗಬೇಕು, ಹಾಗೆಂದು ಹೇಳುವವರು ಯಾರು ಎಂಬುದು ಮೊದಲೇ ಠರಾವಿನಲ್ಲಿ ದಾಖಲಾಗಿರಲಿ. ಹೊಸ ಕಂಪನಿಯನ್ನು ಬಿಟ್ಟುಹೋಗುವ ದಿನ ಬಂದರೆ ನಮ್ಮ ದತ್ತಾಂಶವನ್ನು ಯಾವ ರೂಪದಲ್ಲಿ ಮರಳಿ ಕೊಡುವಿರೆಂದು ಕರಾರಿಗೆ ರುಜು ಹಾಕುವ ಮುನ್ನವೇ ಕೇಳಿರಿ.

ನಮ್ಮ ಸಂಘದ ಕಡತಗಳ ಗತಿಯೂ ಬೇರೆಯಲ್ಲ. ನುಡಿ, ಬರಹ ಮೊದಲಾದವುಗಳ ಹಳೆಯ ಅಕ್ಷರಗಳಲ್ಲಿ ಬೆರಳಚ್ಚಾದ ಸದಸ್ಯರ ಪಟ್ಟಿಯು, ಆ ಅಕ್ಷರಗಳಿಲ್ಲದ ಯಂತ್ರದಲ್ಲಿ ಅರ್ಥವಿಲ್ಲದ ರೋಮನ್ ಲಿಪಿಯಾಗಿ ತೋರುತ್ತದೆ. ಸಾಗಿಸುವ ಮುನ್ನ ಅದನ್ನು ಯೂನಿಕೋಡಿಗೆ ಪರಿವರ್ತಿಸಿ, ಒತ್ತಕ್ಷರ ಒತ್ತಕ್ಷರವಾಗಿ ಓದಿ ತಿದ್ದಬೇಕಾಗಿದೆ.

ಈ ಕೆಲಸಕ್ಕೆ ಕಾಲೇಜಿನ ಐವರು ತರುಣ ತರುಣಿಯರು ಮುಂದೆ ಬಂದಿದ್ದಾರೆ. ಬರುವ ಭಾನುವಾರದಿಂದ ಮುಂಜಾನೆ ಹತ್ತು ಗಂಟೆಗೆ ಅವರು ಸಂಘದ ವಾಚನಾಲಯದಲ್ಲಿ ಕುಳಿತಿರುತ್ತಾರೆ. ತಾವು ಸೊಸೈಟಿಯ ಪಾಸುಬುಕ್ಕು, ಉತಾರೆ, ಆಧಾರ ಪತ್ರಗಳನ್ನು ತಂದರೆ ಹೆಸರು ಎಲ್ಲೆಲ್ಲಿ ಬೇರೆಯಾಗಿದೆಯೆಂದು ನೋಡಿ, ತಿದ್ದುಪಡಿಯ ಅರ್ಜಿಯನ್ನು ಬರೆದುಕೊಡುತ್ತಾರೆ. ಪತ್ರಗಳನ್ನು ತೋರಿಸಿ ಮರಳಿ ಒಯ್ಯಬೇಕು, ಯಾರ ಬಳಿಯೂ ಬಿಟ್ಟುಹೋಗಬಾರದು. ನಡೆಯಲಾರದ ಹಿರಿಯರಿದ್ದರೆ ಅವರ ಓಣಿಯನ್ನು ತಿಳಿಸಿರಿ, ನಾವೇ ಬರುತ್ತೇವೆ.