ಗ್ರಾಮಸಭೆ: ಊರಿನ ಲೆಕ್ಕ ಕೇಳುವ ಜಾಗ



ನಮ್ಮ ವಿಧಾನಸಭೆಯ ಸದಸ್ಯರ ಸಂಖ್ಯೆ ಎಷ್ಟೆಂದು ಕೇಳಿದರೆ ನೀವು ಥಟ್ಟನೆ 224 ಎನ್ನುತ್ತೀರಿ. ನಿಮ್ಮ ಊರಿನ ಗ್ರಾಮಸಭೆಗೆ ಎಷ್ಟು ಜನ ಸದಸ್ಯರು? ಉತ್ತರ ಸರಳವಾಗಿದೆ. ಮತದಾರರ ಪಟ್ಟಿಯಲ್ಲಿ ಹೆಸರಿರುವ ಪ್ರತಿಯೊಬ್ಬರೂ ಅದರ ಸದಸ್ಯರು. ನಿಮ್ಮ ಅಜ್ಜಿಯೂ, ಕೂಲಿಗೆ ಹೋಗುವ ಪಕ್ಕದ ಮನೆಯ ಅಕ್ಕನೂ ಸದಸ್ಯರೇ. 18 ವರ್ಷ ತುಂಬಿ ಹೆಸರು ನೋಂದಣಿಯಾದ ದಿನ ನೀವೂ ಸದಸ್ಯರಾಗುತ್ತೀರಿ.

ಅಧಿಕಾರ ಹಳ್ಳಿಗೆ ಇಳಿಯಬೇಕೆಂಬ ಮಾತು ನಮ್ಮ ರಾಜ್ಯಕ್ಕೆ ಹೊಸದಲ್ಲ. ಕೊಳವೆಬಾವಿಗಳಿಂದಾಗಿ ಜನರ ಬಾಯಲ್ಲಿ ‘ನೀರ್ ಸಾಬ್’ ಆದ ಸಚಿವ ಅಬ್ದುಲ್ ನಜೀರ್ ಸಾಬ್ ಅವರು 1983ರ ಕಾಯ್ದೆಯ ಮೂಲಕ ಜಿಲ್ಲಾ ಪರಿಷತ್ತು, ಮಂಡಲ ಪಂಚಾಯಿತಿಗಳಿಗೆ ದಾರಿ ಮಾಡಿದರು. ಸಂವಿಧಾನದ 73ನೇ ತಿದ್ದುಪಡಿ 1993ರ ಏಪ್ರಿಲ್ 24ರಂದು ಜಾರಿಗೆ ಬಂದು, ಗ್ರಾಮಸಭೆಗೆ ಸಂವಿಧಾನದಲ್ಲೇ ಸ್ಥಾನ ದೊರೆಯಿತು. ಅದೇ ವರ್ಷ ಕರ್ನಾಟಕವೂ ತನ್ನ ಪಂಚಾಯತ್ ರಾಜ್ ಕಾಯ್ದೆಯನ್ನು ತಂದಿತು.

ಆರು ತಿಂಗಳಿಗೊಮ್ಮೆಯಾದರೂ ಗ್ರಾಮಸಭೆ ಸೇರಬೇಕು. ಅದಕ್ಕೆ ಮೊದಲು ವಾರ್ಡ್ ಸಭೆಗಳು ನಡೆಯಬೇಕು. ಯಾವ ಬೀದಿಗೆ ಚರಂಡಿ, ಯಾವ ಕೇರಿಗೆ ನೀರಿನ ಕೊಳಾಯಿ, ಸರ್ಕಾರಿ ಮನೆಗೆ ಯಾರು ಅರ್ಹ ಫಲಾನುಭವಿ ಎಂಬ ಪಟ್ಟಿ ವಾರ್ಡಿನಲ್ಲಿ ಹುಟ್ಟಿ ಗ್ರಾಮಸಭೆಗೆ ಬರುತ್ತದೆ. ಮನೆ ಕಂದಾಯದಿಂದ ಎಷ್ಟು ಬಂತು, ಅನುದಾನ ಎಷ್ಟು, ಖರ್ಚೆಷ್ಟು ಎಂದು ಅಲ್ಲಿ ಎದ್ದು ನಿಂತು ಕೇಳಬಹುದು.

ಈಗ ಒಂದು ಸಣ್ಣ ಲೆಕ್ಕ ಮಾಡೋಣ. ಸಭೆಗೆ ಬೇಕಾದ ಕೋರಂ ಒಟ್ಟು ಸದಸ್ಯರ ಹತ್ತನೇ ಒಂದು ಭಾಗ ಅಥವಾ 100 ಜನ. ಇವೆರಡರಲ್ಲಿ ಯಾವುದು ಕಡಿಮೆಯೋ ಅದು. ಒಂದು ಪಂಚಾಯಿತಿಯಲ್ಲಿ 4,000 ಮತದಾರರಿದ್ದಾರೆ ಎನ್ನಿ. ಹತ್ತನೇ ಒಂದು ಭಾಗ ಎಂದರೆ 400. ಆದರೆ 100 ಜನ ಸೇರಿದರೆ ಸಂಖ್ಯೆಯ ಮಟ್ಟಿಗೆ ಸಾಕು. ಅಂದರೆ ನಲವತ್ತು ಜನರಲ್ಲಿ ಒಬ್ಬರು ಬಂದು ಉಳಿದ ಮೂವತ್ತೊಂಬತ್ತು ಜನರ ಪರವಾಗಿ ತೀರ್ಮಾನಿಸಬಹುದು. ಆ ನೂರರಲ್ಲಿ ಮನೆಯಿಲ್ಲದ ವಿಧವೆಯ ಕೇರಿಯವರು ಇಲ್ಲದಿದ್ದರೆ, ಆಕೆಯ ಹೆಸರನ್ನು ನೆನಪಿಸುವವರು ಯಾರು?

ಹಾಜರಿ ಪುಸ್ತಕವನ್ನು ಮನೆಮನೆಗೆ ಒಯ್ದು ಸಹಿ ಹಾಕಿಸುತ್ತಾರೆ ಎಂಬ ದೂರು ನೀವೂ ಕೇಳಿರಬಹುದು. ಸಭೆ ನಡೆಯದೆಯೇ ನಡಾವಳಿ ತಯಾರಾದರೆ ಕಾಗದದ ಮೇಲೆ ಅದು ಇಡೀ ಊರಿನ ಒಪ್ಪಿಗೆಯಾಗಿಬಿಡುತ್ತದೆ. ಓದಿ ನೋಡದೆ ಹಾಕಿದ ಒಂದು ಸಹಿಯ ಬೆಲೆ ಇಷ್ಟು.

ಹಾಗಾದರೆ ನೀವೇನು ಮಾಡಬಹುದು? ಮತದ ಹಕ್ಕು ಬರುವವರೆಗೆ ಕಾಯಬೇಕಿಲ್ಲ. ವರ್ಷಕ್ಕೊಮ್ಮೆ ಮಕ್ಕಳ ಗ್ರಾಮಸಭೆ ನಡೆಸುವ ಪದ್ಧತಿ ನಮ್ಮ ರಾಜ್ಯದಲ್ಲಿದೆ. ಶಾಲೆಗೆ ಶೌಚಾಲಯ, ಬಸ್ ನಿಲ್ದಾಣದ ಬಳಿ ಬೀದಿದೀಪ, ಗ್ರಂಥಾಲಯಕ್ಕೆ ಪುಸ್ತಕ ಬೇಕೆಂದು ಅಲ್ಲಿ ಕೇಳಿರಿ. ಬೇಡಿಕೆಯನ್ನು ಬರವಣಿಗೆಯಲ್ಲಿ ಕೊಡಿ. ಅದು ನಡಾವಳಿಯಲ್ಲಿ ಸೇರಿತೇ ಎಂದು ನೋಡಿರಿ. ಮುಂದಿನ ಸಭೆಯಲ್ಲಿ, ‘ಹೋದ ಸಲ ಕೇಳಿದ್ದು ಏನಾಯಿತು?’ ಎಂದು ಮತ್ತೆ ಕೇಳಿರಿ. ಎರಡನೆಯ ಸಲ ಕೇಳುವ ಪ್ರಶ್ನೆಗೆ ಮೊದಲನೆಯದಕ್ಕಿಂತ ಹೆಚ್ಚು ಬಲವಿರುತ್ತದೆ.

ಓದು ಬರಹ ಬಾರದ ಹಿರಿಯರು ನಿಮ್ಮ ಮನೆಯಲ್ಲಿದ್ದರೆ, ಪಂಚಾಯಿತಿ ಹೊರಡಿಸಿದ ತಿಳಿವಳಿಕೆ ಪತ್ರವನ್ನು ಅವರಿಗೆ ಓದಿ ಹೇಳಿ. ಸಭೆಯ ದಿನ ಅವರ ಜೊತೆಗೆ ಹೋಗಿ. ಮುಂದಿನ ಗ್ರಾಮಸಭೆ ಯಾವ ದಿನ ಎಂಬುದನ್ನು ನಾಳೆಯೇ ಪಂಚಾಯಿತಿ ಕಚೇರಿಯಲ್ಲಿ ವಿಚಾರಿಸಿರಿ.