ಕುಡಿತ ಬಿಡಲು ಕೈಯಲ್ಲಿರುವ ಫೋನೂ ನೆರವಾದೀತು

(ದಢೇಸುಗೂರಿನಲ್ಲಿ ನಡೆದ ಹಾಲು ಉತ್ಪಾದಕರ ಸಭೆಯಲ್ಲಿ ಸದಸ್ಯರೊಬ್ಬರು ಮಾಡಿದ ಭಾಷಣ. ಅವರ ಕೋರಿಕೆಯಂತೆ ಹೆಸರನ್ನು ಪ್ರಕಟಿಸಿಲ್ಲ.)



ಭತ್ತಕ್ಕೆ ಬೆಂಕಿರೋಗ ಬಿದ್ದರೆ ನಾವು ನಮ್ಮೂರಿನ ಕೃಷಿ ಸಂಶೋಧನಾ ಕೇಂದ್ರಕ್ಕೆ ಹೋಗಿ ಕೇಳುತ್ತೇವೆ. ಆಕಳಿಗೆ ಕೆಚ್ಚಲು ಬಾವು ಆದರೆ ಅದೇ ದಿನ ಪಶುವೈದ್ಯರಿಗೆ ಹೇಳಿಕಳಿಸುತ್ತೇವೆ. ಮನೆಯ ಯಜಮಾನನಿಗೆ ಕುಡಿತದ ರೋಗ ಹತ್ತಿದರೆ ಮಾತ್ರ ಬಾಗಿಲು ಹಾಕಿಕೊಂಡು ಸುಮ್ಮನಿರುತ್ತೇವೆ. ಇದು ಸರಿಯೇ?

ನಾನೂ ಹಾಗೆ ಇದ್ದವನು. ಬಟವಾಡೆಯ ದಿನ ಹಿಂಡಿ ತರಲು ಹೋಗಿ ಬಾಟಲಿ ತರುತ್ತಿದ್ದೆ. ಒಂದು ರಾತ್ರಿ ನಮ್ಮ ಎಮ್ಮೆ ಈಯಲಾರದೆ ಒದ್ದಾಡಿತು. ಮನೆಯಾಕೆ ಎಷ್ಟು ಎಬ್ಬಿಸಿದರೂ ನಾನು ಏಳಲಿಲ್ಲ. ಬೆಳಗಾಗುವಷ್ಟರಲ್ಲಿ ಎಮ್ಮೆಯೂ ಕರುವೂ ಸತ್ತಿದ್ದವು. ಅದರ ಸಾಲ ತೀರಿಸಲು ಎರಡು ವರ್ಷ ಬೇಕಾಯಿತು.

ಇದು ನನ್ನೊಬ್ಬನ ಮನೆಯ ಕಥೆಯಲ್ಲ. 2007ರ ಜುಲೈ 1ರಿಂದ ರಾಜ್ಯದಲ್ಲಿ ಸಾರಾಯಿ ಮಾರಾಟ ನಿಂತಿತು; ಕುಡಿತ ನಿಲ್ಲಲಿಲ್ಲ. 2019ರ ಜನವರಿಯಲ್ಲಿ ನಮ್ಮ ರಾಯಚೂರು ಜಿಲ್ಲೆಯವರೂ ಸೇರಿ ಸಾವಿರಾರು ಹೆಂಗಸರು ಮದ್ಯ ನಿಷೇಧವಾಗಬೇಕೆಂದು ಚಿತ್ರದುರ್ಗದಿಂದ ಬೆಂಗಳೂರಿನವರೆಗೆ ನಡೆದುಹೋದರು. ಮನೆಯಲ್ಲಿ ಎಷ್ಟು ನೋವಿದ್ದರೆ ಹೆಣ್ಣುಮಕ್ಕಳು ಅಷ್ಟು ದೂರ ನಡೆದಾರು, ನೀವೇ ಹೇಳಿ.

ಎಮ್ಮೆ ಸತ್ತ ಮೇಲೆ ಬಿಡಬೇಕೆಂಬ ಮನಸ್ಸಾಯಿತು. ಆದರೆ ದವಾಖಾನೆಗೆ ಹೋಗಲು ನಾಚಿಕೆ. ಬಸ್ಸಿನಲ್ಲಿ ಕೂತರೆ ಎಲ್ಲರೂ ಪರಿಚಯದವರೇ. ಆಗ ಮನೆಯಾಕೆ 14416ಕ್ಕೆ ಫೋನು ಹಚ್ಚಿ ನನ್ನ ಕೈಗೆ ಕೊಟ್ಟಳು. ಅದು ಕೇಂದ್ರ ಸರ್ಕಾರ 2022ರ ಅಕ್ಟೋಬರ್ 10ರಂದು ಆರಂಭಿಸಿದ ಟೆಲಿ ಮಾನಸ್ ಸೇವೆ. ಬೆಂಗಳೂರಿನ ನಿಮ್ಹಾನ್ಸ್ ಇದರ ಮುಖ್ಯ ಕೇಂದ್ರ. ಹಗಲು ರಾತ್ರಿ ಉಚಿತ, ಕನ್ನಡದಲ್ಲೇ ಮಾತನಾಡಬಹುದು. ಆ ಕಡೆಯವರು ನನ್ನನ್ನು ಬೈಯಲಿಲ್ಲ. ಎಷ್ಟು ವರ್ಷದಿಂದ ಕುಡಿಯುತ್ತೀರಿ, ಬೆಳಿಗ್ಗೆ ಕೈ ನಡುಗುತ್ತದೆಯೇ ಎಂದು ಕೇಳಿದರು. ಮೊದಲ ಸಲ ಯಾರದೋ ಮುಂದೆ ನಿಜ ಹೇಳಿದೆ. ಮಾದಕ ವ್ಯಸನಕ್ಕೆಂದೇ 14446 ಎಂಬ ಇನ್ನೊಂದು ಉಚಿತ ಸಂಖ್ಯೆಯೂ ಇದೆ.

ಈಗ ಮೂರು ಮಾತುಗಳನ್ನು ಮನಸ್ಸಿನಲ್ಲಿಡಿ.

ಒಂದು: ದಿನವೂ ಹೆಚ್ಚು ಕುಡಿಯುವವನು ಒಮ್ಮೆಲೇ ಮನೆಯಲ್ಲೇ ಬಿಡಬಾರದು. ಮೊದಲ ಎರಡು ದಿನಗಳಲ್ಲಿ ಫಿಟ್ಸ್ ಬರಬಹುದು. ಮೂರನೆಯ, ನಾಲ್ಕನೆಯ ದಿನದ ಹೊತ್ತಿಗೆ ಇಲ್ಲದ್ದು ಕಂಡಂತಾಗಿ ಬುದ್ಧಿ ತಪ್ಪಬಹುದು. ಇದರಿಂದ ಜೀವ ಹೋಗುವುದೂ ಉಂಟು. ಇದಕ್ಕೆ ಫೋನು ಸಾಲದು, ವೈದ್ಯರೇ ಬೇಕು. ಫಿಟ್ಸ್ ಬಂದರೆ ತಡಮಾಡದೆ 108ಕ್ಕೆ ಕರೆ ಮಾಡಿ. ಮನೋಚೈತನ್ಯ ಕಾರ್ಯಕ್ರಮದಲ್ಲಿ ಮಂಗಳವಾರ ತಾಲ್ಲೂಕು ಆಸ್ಪತ್ರೆಗಳಲ್ಲಿ ಮಾನಸಿಕ ತಜ್ಞರು ನೋಡುವ ವ್ಯವಸ್ಥೆ ಇದೆ. ಹೋಗುವ ಮೊದಲು ಆಸ್ಪತ್ರೆಯಲ್ಲಿ ವಿಚಾರಿಸಿಕೊಳ್ಳಿ. ಕೊನೆಗೆ ನಾನೂ ಆಸ್ಪತ್ರೆಗೆ ಹೋದವನೇ. ಹೋಗುವ ಧೈರ್ಯ ಬಂದದ್ದು ಫೋನಿನಿಂದ.

ಎರಡು: ಗೊತ್ತಿಲ್ಲದ ಹಾಗೆ ಊಟದಲ್ಲಿ ಪುಡಿ, ಗುಳಿಗೆ ಬೆರೆಸಬೇಡಿ. ಕುಡಿತ ಬಿಡಿಸುವ ಕೆಲವು ಗುಳಿಗೆಗಳ ಮೇಲೆ ಹೆಂಡ ಬಿದ್ದರೆ ಪ್ರಾಣಕ್ಕೇ ಅಪಾಯ. ಮೊಬೈಲಿನಲ್ಲಿ ಜಾಹೀರಾತು ನೋಡಿ ಯಾರಿಗೂ ಹಣ ಕಳಿಸಬೇಡಿ. ಸರ್ಕಾರದ ಸಹಾಯವಾಣಿಯವರು ಹಣವನ್ನಾಗಲಿ, ಒಟಿಪಿಯನ್ನಾಗಲಿ ಕೇಳುವುದಿಲ್ಲ.

ಮೂರು: ಬಿಟ್ಟ ಮೇಲೆ ಜೊತೆ ಬೇಕು. 1935ರಲ್ಲಿ ಅಮೆರಿಕದಲ್ಲಿ ಇಬ್ಬರು ಕುಡುಕರೇ ಸೇರಿ ಆಲ್ಕೊಹಾಲಿಕ್ಸ್ ಅನಾನಿಮಸ್ ಎಂಬ ಕೂಟ ಆರಂಭಿಸಿದರು. ಅದು ನಮ್ಮ ದೇಶದಲ್ಲೂ ಇದೆ. ಶುಲ್ಕವಿಲ್ಲ, ಊರು, ಮನೆತನ ಕೇಳುವುದಿಲ್ಲ, ಬಿಡಬೇಕೆಂಬ ಆಸೆಯೊಂದಿದ್ದರೆ ಸಾಕು. 2020ರ ಲಾಕ್‌ಡೌನಿನಿಂದ ಈಚೆಗೆ ಇಂಥ ಸಭೆಗಳು ಮೊಬೈಲಿನಲ್ಲೂ ಹೆಚ್ಚಾಗಿ ನಡೆಯುತ್ತಿವೆ. ಯಾವ ಭಾಷೆಯಲ್ಲಿ ನಡೆಯುತ್ತದೆಂದು ಕೇಳಿಕೊಂಡು ಸೇರಬಹುದು. ಎದುರಿಗೆ ಕೂತು ಕಲಿಯುವವರಿಗೆ ಧರ್ಮಸ್ಥಳ ಯೋಜನೆಯವರ ಮದ್ಯವರ್ಜನ ಶಿಬಿರಗಳೂ ಉಂಟು.

ನಾನು ಒಮ್ಮೆ ಬಿಟ್ಟು ಮತ್ತೆ ಕುಡಿದೆ. ಊರಿನವರು ನಕ್ಕರು. ಮನೆಯಾಕೆ ನಗಲಿಲ್ಲ, ಮತ್ತೆ ಫೋನು ಹಚ್ಚಿದಳು. ಗುಣವಾದ ಕೆಚ್ಚಲು ಬಾವು ಮರುಕಳಿಸಿದರೆ ಆಕಳನ್ನು ಹೊರಗೆ ಹಾಕುತ್ತೇವೆಯೇ? ಮತ್ತೆ ಔಷಧ ಮಾಡಿಸುತ್ತೇವೆ. ಮನುಷ್ಯನಿಗೂ ಅಷ್ಟು ತಾಳ್ಮೆ ತೋರಿಸಿ.

ಕೊನೆಯದಾಗಿ ಸಂಘದ ಅಧ್ಯಕ್ಷರಲ್ಲಿ, ಕಾರ್ಯದರ್ಶಿಗಳಲ್ಲಿ ಒಂದು ವಿನಂತಿ. ಹಾಲಿನ ದರ ಬರೆಯುವ ಹಲಗೆಯ ಮೇಲೆ 14416 ಎಂದೂ ಬರೆಸಿರಿ. ದಿನಕ್ಕೆ ಎರಡು ಹೊತ್ತು ಎಲ್ಲರೂ ಅಲ್ಲಿಗೆ ಬರುತ್ತಾರೆ. ಯಾರು ಯಾಕೆ ನೋಡಿದರೆಂದು ಯಾರೂ ಕೇಳುವುದಿಲ್ಲ. ಬೇಕಾದವರು ಸಂಖ್ಯೆಯನ್ನು ನೆನಪಿಟ್ಟುಕೊಂಡು ಹೋಗುತ್ತಾರೆ.